ಕಡಲಾಳದ ಲೋಹದ ಗಡ್ಡೆಗಳು ‘ಸುಮ್ಮನೆ ಬಿದ್ದಿವೆ’ಯೇ?

ಪ್ರಶ್ನೆ: ಪೆಸಿಫಿಕ್ ಮಹಾಸಾಗರದ ತಳದಲ್ಲಿ ನಿಕ್ಕಲ್, ಕೋಬಾಲ್ಟ್ ತುಂಬಿದ ಗಡ್ಡೆಗಳು ಸುಮ್ಮನೆ ಬಿದ್ದಿವೆ ಎಂದು ಓದಿದೆ. ಬ್ಯಾಟರಿ ತಯಾರಿಕೆಗೆ ಈ ಲೋಹಗಳು ಬೇಕು. ಅಲ್ಲಿ ಕಾಡಿಲ್ಲ, ಊರಿಲ್ಲ, ಬೆಳಕೂ ಇಲ್ಲ. ನೆಲದ ಮೇಲೆ ಗುಡ್ಡ ಅಗೆಯುವುದಕ್ಕಿಂತ ಇದೇ ಮೇಲಲ್ಲವೇ? ಏನಾದರೂ ಹಾಳಾದರೂ ಕಾಲಕ್ರಮೇಣ ಸರಿಹೋಗುವುದಿಲ್ಲವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ನಂಬಿಕೆಗಳಿವೆ. ಗಡ್ಡೆಗಳು ಸುಮ್ಮನೆ ಬಿದ್ದಿವೆ ಎಂಬುದು ಒಂದು, ಹಾಳಾದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ಇನ್ನೊಂದು. ಎರಡನ್ನೂ ವಿಜ್ಞಾನಿಗಳು ಕಡಲ ತಳಕ್ಕೇ ಹೋಗಿ ಪರೀಕ್ಷಿಸಿದ್ದಾರೆ. ಎರಡನೆಯದರ ಬಗ್ಗೆಯಂತೂ ನಲವತ್ತಕ್ಕೂ ಹೆಚ್ಚು ವರ್ಷಗಳ ಸಾಕ್ಷ್ಯವಿದೆ.

ಮೊದಲು ಗಡ್ಡೆಯ ವಿಚಾರ. 1872ರಿಂದ 1876ರವರೆಗೆ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗಿನ ಬಲೆಗೆ ಇವು ಸಿಕ್ಕಾಗಲೇ ವಿಜ್ಞಾನಲೋಕಕ್ಕೆ ಇವುಗಳ ಪರಿಚಯವಾಯಿತು. ಒಂದು ಗಡ್ಡೆಯನ್ನು ಕೊಯ್ದು ನೋಡಿದರೆ ನಡುವೆ ಶಾರ್ಕಿನ ಹಲ್ಲೋ ಕಲ್ಲಿನ ಚೂರೋ ಇರುತ್ತದೆ, ಅದರ ಸುತ್ತ ಈರುಳ್ಳಿಯ ಪದರಗಳಂತೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ಒಂದರ ಮೇಲೊಂದು ಕೂತಿರುತ್ತವೆ. ನಿಕ್ಕಲ್, ತಾಮ್ರ, ಕೋಬಾಲ್ಟ್ ಆ ಪದರಗಳಲ್ಲೇ ಸೇರಿಕೊಂಡಿವೆ. ಸಮುದ್ರದ ನೀರಿನಲ್ಲೂ ಕೆಸರಿನ ಸಂದುಗಳ ನೀರಿನಲ್ಲೂ ಕರಗಿರುವ ಲೋಹ ಕಣಕಣವಾಗಿ ಅಂಟಿಕೊಳ್ಳುತ್ತಾ ಹೋಗುವುದರಿಂದ, ಗಡ್ಡೆ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರುಗಳಷ್ಟು, ಹೆಚ್ಚೆಂದರೆ ಕೆಲವು ಹತ್ತು ಮಿಲಿಮೀಟರುಗಳಷ್ಟು ಬೆಳೆಯುತ್ತದೆ. ಅಂಗೈಯಲ್ಲಿ ಹಿಡಿಸುವ, ಆಲೂಗಡ್ಡೆಯ ಗಾತ್ರದ ಒಂದು ಗಡ್ಡೆಗೆ ಮನುಷ್ಯಕುಲಕ್ಕಿಂತ ಹೆಚ್ಚು ವಯಸ್ಸಾಗಿರಬಹುದು. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್–ಕ್ಲಿಪ್ಪರ್ಟನ್ ವಲಯದಲ್ಲಿ, 4,000ದಿಂದ 5,500 ಮೀಟರ್ ಆಳದಲ್ಲಿ, ಇಂಥವು ಸುಮಾರು 2,100 ಕೋಟಿ ಟನ್ ಇವೆ ಎಂಬುದು ಅಂದಾಜು. ಆದರೆ ತೆಗೆದ ಗಡ್ಡೆಯ ಜಾಗದಲ್ಲಿ ಮತ್ತೊಂದು ಬೆಳೆಯುವುದನ್ನು ನಮ್ಮ ಯಾವ ತಲೆಮಾರೂ ನೋಡಲಾರದು.

ಆ ಕಡಲತಳದ ಬಯಲು ನೂರಾರು ಕಿಲೋಮೀಟರ್ ದೂರ ಬರೀ ಮೆತ್ತನೆಯ ಕೆಸರು. ಬೇರೂರಿ ನಿಲ್ಲಬೇಕಾದ ಸ್ಪಂಜು, ಹವಳ, ಅನಿಮೋನ್‌ಗಳಂಥ ಕಡಲ ಪ್ರಾಣಿಗಳಿಗೆ ಅಲ್ಲಿ ಗಟ್ಟಿ ನೆಲ ಎಂದು ಸಿಗುವುದು ಹೆಚ್ಚಾಗಿ ಈ ಗಡ್ಡೆಗಳೇ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ದೃಶ್ಯ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ನಾಲ್ಕು ಸಾವಿರ ಮೀಟರಿಗೂ ಹೆಚ್ಚಿನ ಆಳದಲ್ಲಿ, ಗಡ್ಡೆಯೊಂದರ ಮೇಲೆ ಬೆಳೆದು ಸತ್ತುಹೋದ ಸ್ಪಂಜಿನ ದಂಟಿಗೆ ಬಿಳಿಚಿದ ಆಕ್ಟೋಪಸ್ ಒಂದು ಮೊಟ್ಟೆಗಳನ್ನು ಅಂಟಿಸಿ, ಅವುಗಳ ಸುತ್ತ ತನ್ನ ಮೈಯನ್ನೇ ಹೊದಿಕೆಯಾಗಿಸಿಕೊಂಡು ಕಾವಲು ಕೂತಿತ್ತು. ಗಡ್ಡೆಯಿಲ್ಲದಿದ್ದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ದಂಟಿಲ್ಲ, ದಂಟಿಲ್ಲದಿದ್ದರೆ ಆ ಮೊಟ್ಟೆಗಳಿಗೆ ಅಲ್ಲಿ ಆಸರೆಯಿಲ್ಲ. ನಾವು ಅದಿರು ಎಂದು ಲೆಕ್ಕ ಹಾಕುತ್ತಿರುವ ವಸ್ತುವೇ ಅಲ್ಲಿನ ವಾಸಸ್ಥಾನ.

ಇದನ್ನೆಲ್ಲ ತಿಳಿಯುವ ಕೆಲಸ ಎಷ್ಟು ನಿಧಾನದ್ದು ಎಂಬುದನ್ನೂ ಹೇಳಬೇಕು. ಹಡಗಿನಿಂದ ಶಬ್ದದ ಅಲೆಗಳನ್ನು ಬೀಸಣಿಗೆಯಂತೆ ಹರಡಿ ತಳದ ಏರುತಗ್ಗುಗಳ ನಕ್ಷೆಯನ್ನೇನೋ ಬೇಗ ಪಡೆಯಬಹುದು. ಆದರೆ ಅಲ್ಲಿ ಯಾರು ಬದುಕಿದ್ದಾರೆ ಎಂಬುದನ್ನು ಆ ನಕ್ಷೆ ಹೇಳುವುದಿಲ್ಲ. ಅದಕ್ಕೆ ಬಾಕ್ಸ್ ಕೋರರ್ ಎಂಬ ಉಕ್ಕಿನ ಪೆಟ್ಟಿಗೆಯನ್ನು ತಂತಿಯಲ್ಲಿ ಇಳಿಬಿಟ್ಟು, ಕಾಲು ಚದರ ಮೀಟರ್ ಕೆಸರನ್ನು ಕತ್ತರಿಸಿ ಮೇಲೆತ್ತಬೇಕು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಇಳಿಸಿದರೂ 4,500 ಮೀಟರ್ ಮುಟ್ಟಲು ಒಂದೂಕಾಲು ಗಂಟೆ ಬೇಕು, ಮೇಲೆ ಬರಲು ಮತ್ತೆ ಅಷ್ಟೇ. ಆಮೇಲೆ ಆ ಕೆಸರನ್ನು ತಣ್ಣನೆಯ ನೀರಿನಲ್ಲಿ, ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಸಣ್ಣ ಕಣ್ಣಿನ ಜರಡಿಯಲ್ಲಿ, ಹುಳುಗಳ ಮೈ ಹರಿಯದಂತೆ ನಾಜೂಕಾಗಿ ಸೋಸಬೇಕು. ಹೀಗೆ ಕೂಡಿಟ್ಟ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿದ 2023ರ ಒಂದು ಅಧ್ಯಯನವು, ಕ್ಲಾರಿಯನ್–ಕ್ಲಿಪ್ಪರ್ಟನ್ ವಲಯದಲ್ಲಿ 5,578 ಪ್ರಭೇದಗಳು ದಾಖಲಾಗಿವೆ ಎಂದು ಲೆಕ್ಕ ಹಾಕಿ, ಅವುಗಳಲ್ಲಿ ಶೇಕಡಾ 90ರಷ್ಟಕ್ಕೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ ಎಂದು ತೋರಿಸಿತು.

ಈಗ ಚೇತರಿಕೆಯ ಪ್ರಶ್ನೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದಾಚೆಯ ಕಡಲಿನಲ್ಲಿ, ಸುಮಾರು 4,150 ಮೀಟರ್ ಆಳದಲ್ಲಿ, ಎಂಟು ಮೀಟರ್ ಅಗಲದ ನೇಗಿಲಿನಂಥ ಸಾಧನವನ್ನು ಎಳೆದು ತಳವನ್ನು ಉತ್ತರು. ಗಡ್ಡೆಗಳನ್ನು ಹೊರತೆಗೆಯಲಿಲ್ಲ, ಕೆಸರಿನೊಳಗೆ ಹೂತುಹೋಗುವಂತೆ ಮಾಡಿದರು, ಅಷ್ಟೆ. ‘ಡಿಸ್ಕೋಲ್’ ಎಂದು ಹೆಸರಾದ ಈ ಪ್ರಯೋಗದ ಜಾಗಕ್ಕೆ 26 ವರ್ಷಗಳ ನಂತರ, 2015ರಲ್ಲಿ, ಹಿಂತಿರುಗಿ ಹೋದಾಗ ನೇಗಿಲ ಸಾಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ತೆವಳಿಕೊಂಡು ಕೆಸರು ತಿನ್ನುವ ಕೆಲವು ಪ್ರಾಣಿಗಳು ಮರಳಿದ್ದವು. ಒಂದೆಡೆ ನೆಲೆನಿಂತು ನೀರಿನಿಂದ ಆಹಾರ ಸೋಸಿಕೊಳ್ಳುವವು ಉತ್ತ ಜಾಗದಲ್ಲಿ ವಿರಳವಾಗಿಯೇ ಉಳಿದಿದ್ದವು. ಕೆಸರಿನ ಸೂಕ್ಷ್ಮಜೀವಿಗಳ ಚಟುವಟಿಕೆಯೂ ತಗ್ಗಿಯೇ ಇತ್ತು, ಅದು ಮೊದಲಿನಂತಾಗಲು ಕನಿಷ್ಠ 50 ವರ್ಷ ಹಿಡಿಯಬಹುದೆಂದು ಸಂಶೋಧಕರು ಲೆಕ್ಕ ಹಾಕಿದರು. 1979ರಲ್ಲಿ ಕ್ಲಾರಿಯನ್–ಕ್ಲಿಪ್ಪರ್ಟನ್ ವಲಯದಲ್ಲಿಯೇ ನಡೆದ ಗಣಿಯಂತ್ರದ ಪರೀಕ್ಷೆಯ ಜಾಡನ್ನು 44 ವರ್ಷಗಳ ಬಳಿಕ ನೋಡಿ ಬಂದವರ ವರದಿ 2025ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಇದೇ ಕಥೆ: ಜಾಡು ಅಳಿದಿಲ್ಲ, ಸಣ್ಣ ಹಾಗೂ ಚಲಿಸುವ ಜೀವಿಗಳು ಬರತೊಡಗಿವೆ, ನೆಲೆನಿಲ್ಲುವ ದೊಡ್ಡ ಜೀವಿಗಳು ಅಪರೂಪ.

ಇಷ್ಟು ತಡವೇಕೆಂದರೆ, ಕಡಲಿನ ಮೇಲ್ಪದರದಲ್ಲಿ ತಯಾರಾಗುವ ಆಹಾರದಲ್ಲಿ ಆ ಆಳಕ್ಕೆ ತಲುಪುವುದು ಶೇಕಡಾ ಒಂದರ ಆಸುಪಾಸು ಮಾತ್ರ. ಹೊಸ ಕೆಸರು ಕೂರುವುದೂ ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್.

ನೆಲದ ಗಣಿಗಾರಿಕೆಯೊಂದಿಗೆ ನೀವು ಮಾಡಿದ ಹೋಲಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಾಡು ಕಡಿಯುವುದು, ಜನರನ್ನು ಒಕ್ಕಲೆಬ್ಬಿಸುವುದು ಸಣ್ಣ ನಷ್ಟವಲ್ಲ. ಯಂತ್ರ ಎಬ್ಬಿಸುವ ಕೆಸರಿನ ಮೋಡದ ಬಗ್ಗೆ ಇದ್ದ ಭಯವನ್ನೂ ಅಳತೆಗಳು ಸ್ವಲ್ಪ ತಿದ್ದಿವೆ: 2021ರ ಪರೀಕ್ಷೆಯೊಂದರಲ್ಲಿ ಎದ್ದ ಕೆಸರಿನ ಶೇಕಡಾ 92ರಿಂದ 98ರಷ್ಟು ತಳದಿಂದ ಎರಡು ಮೀಟರಿನೊಳಗೇ ಉಳಿಯಿತು. ಆದರೆ ಗುಡ್ಡದ ಗಣಿ ಆಳಕ್ಕೆ ಇಳಿಯುತ್ತದೆ, ಗಡ್ಡೆಗಳ ಗಣಿ ಅಗಲಕ್ಕೆ ಹರಡುತ್ತದೆ. ಗಡ್ಡೆಗಳು ಒಂದೇ ಪದರವಾಗಿ ಹರಡಿರುವುದರಿಂದ, ಚದರ ಮೀಟರಿಗೆ 15 ಕಿಲೋ ಸಿಗುತ್ತದೆ ಎಂದಿಟ್ಟುಕೊಂಡರೂ 30 ಲಕ್ಷ ಟನ್ ಸಂಗ್ರಹಿಸಲು 200 ಚದರ ಕಿಲೋಮೀಟರ್ ತಳವನ್ನು ಗುಡಿಸಬೇಕಾಗುತ್ತದೆ.

ಯಾವ ದೇಶದ ಎಲ್ಲೆಗೂ ಸೇರದ ಈ ತಳವನ್ನು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ಮನುಕುಲದ ಸಮಾನ ಸ್ವತ್ತು ಎಂದು ಘೋಷಿಸಿದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವು ಅದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಗಣಿಗಾರಿಕೆಗೆ ಅವಕಾಶವಿಲ್ಲದ 9 ಪ್ರದೇಶಗಳನ್ನು 2012ರಲ್ಲಿ ಗುರುತಿಸಿದ ಪ್ರಾಧಿಕಾರ, 2021ರಲ್ಲಿ ಇನ್ನೂ 4 ಸೇರಿಸಿತು. ಒಳ್ಳೆಯ ಹೆಜ್ಜೆಯೇ. ಆದರೂ ಕಾಪಾಡಿದ ಜಾಗದಲ್ಲಿ ಗಡ್ಡೆಗಳ ಸಾಂದ್ರತೆಯೂ ಆಳವೂ ಮೇಲಿನಿಂದ ಬೀಳುವ ಆಹಾರವೂ ಗಣಿಗೆ ಬಿಟ್ಟ ಜಾಗದಂತೆಯೇ ಇದ್ದರೆ ಮಾತ್ರ ಅಲ್ಲಿನ ಜೀವಿಗಳು ಇಲ್ಲಿನವುಗಳ ಪ್ರತಿನಿಧಿಗಳಾಗಬಲ್ಲವು. ಅದನ್ನು ಖಚಿತಪಡಿಸಲು ಎರಡೂ ಕಡೆ ಅದೇ ಪೆಟ್ಟಿಗೆ ಇಳಿಯಬೇಕು, ಅದೇ ಜರಡಿಯಲ್ಲಿ ಕೆಸರು ಸೋಸಬೇಕು, ಅದೂ ಯಂತ್ರ ಇಳಿಯುವುದಕ್ಕೆ ಹಲವು ವರ್ಷ ಮೊದಲು. ಮುಂದೆ ಇಂಥ ಯೋಜನೆಯ ಸುದ್ದಿ ಓದಿದಾಗ ಟನ್ನುಗಳ ಲೆಕ್ಕಕ್ಕಿಂತ ಮೊದಲು, ಆ ಜಾಗದಲ್ಲಿ ಎಷ್ಟು ವರ್ಷ, ಎಷ್ಟು ಕಡೆ ಮಾದರಿ ತೆಗೆದಿದ್ದಾರೆ ಎಂಬುದನ್ನು ಹುಡುಕಿ ನೋಡಿ.