ರಜೆ ಕೇಳುವ ಮೊದಲು ಪಂಚಾಂಗ ನೋಡಿ

ಹೆಗಲ ಚೀಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ದ್ವೀಪಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಾನು ಮತ್ತು ನನ್ನ ಗೆಳತಿ ಬ್ಯಾಂಕ್ ಉದ್ಯೋಗಿಗಳು. ಡಿಸೆಂಬರ್ ಅಥವಾ ಜನವರಿಯಲ್ಲಿ ಎಂಟು ದಿನ ರಜೆ ಸಿಗಬಹುದು. ಬೆನ್ನಿಗೊಂದು ಚೀಲ ಹಾಕಿಕೊಂಡು ಅಂಡಮಾನಿನ ದ್ವೀಪಗಳನ್ನು ಸುತ್ತುವ ಆಸೆ. ವಿಶ್ರಾಂತಿಯೂ ಬೇಕು, ಸ್ವಲ್ಪ ಸಾಹಸವೂ ಬೇಕು. ಪರಿಚಯದವರೊಬ್ಬರು ಆರು ದ್ವೀಪಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಅದು ಆದೀತೇ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಆರು ಬೇಡ. ಎರಡು ಸಾಕು: ಹ್ಯಾವ್‌ಲಾಕ್ ಮತ್ತು ನೀಲ್. 2018ರಿಂದ ಇವು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ಟಿಕೆಟ್ ಕಾಯ್ದಿರಿಸುವಾಗ ಹಳೆಯದು ಹೊಸದು ಎರಡೂ ಹೆಸರು ಎದುರಾಗುತ್ತವೆ, ಗಾಬರಿಯಾಗಬೇಡಿ. ಆರು ದ್ವೀಪ ಎಂದರೆ ದಿನಬೆಳಗಾದರೆ ಚೀಲ ಕಟ್ಟುವುದು, ಜೆಟ್ಟಿಯಲ್ಲಿ ಸಾಲಿನಲ್ಲಿ ನಿಲ್ಲುವುದು, ಮಧ್ಯಾಹ್ನ ಹೊಸ ಕೋಣೆ ಹುಡುಕುವುದು. ವರ್ಷವಿಡೀ ಕೌಂಟರಿನ ಮುಂದೆ ಸಾಲು ನೋಡಿದವರಿಗೆ ಅದರಲ್ಲಿ ಯಾವ ವಿಶ್ರಾಂತಿ?

ರಜೆ ಅರ್ಜಿ ಬರೆಯುವ ಮೊದಲು ಗೋಡೆಯ ಮೇಲಿನ ಪಂಚಾಂಗ ನೋಡಿ. ನಿಮ್ಮ ಎಂಟು ದಿನಗಳ ನಡುವೆ ಅಮಾವಾಸ್ಯೆ ಬರುವಂತಿರಲಿ. ಹ್ಯಾವ್‌ಲಾಕಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಳಿ ರಾತ್ರಿ ಕಯಾಕ್ ಹತ್ತಿ ಹೋದರೆ, ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ನೀರು ಅಲುಗಿದಾಗ ಸೂಸುವ ಬೆಳಕು ಅದು. ಬೆಳದಿಂಗಳಿದ್ದರೆ ಅದು ಕಾಣುವುದೇ ಕಷ್ಟ. ನೀಲ್ ದ್ವೀಪದ ಲಕ್ಷ್ಮಣಪುರದ ಬಳಿ ಅಲೆಗಳು ಕೊರೆದು ಮಾಡಿದ ಕಲ್ಲಿನ ಕಮಾನಿದೆ. ಅದರ ಬುಡದವರೆಗೆ ನಡೆಯಲು ನೀರು ಇಳಿದಿರಬೇಕು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಒಂದೇ ನೇರದಲ್ಲಿ ಎಳೆಯುವುದರಿಂದ ಸಮುದ್ರ ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಇವತ್ತು ಯಾರೋ ಮೂರು ಗಂಟೆಗೆ ನೋಡಿ ಬಂದರೆಂದು ನೀವು ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಹೋಗಬೇಡಿ. ತಂಗುವ ಮನೆಯವರನ್ನು ಬೆಳಗ್ಗೆಯೇ ಕೇಳಿಕೊಳ್ಳಿ. ಅಲ್ಲಿನವರಿಗೆ ಅದು ಬಾಯಿಪಾಠ.

ಹೊತ್ತಿನ ಇನ್ನೊಂದು ಲೆಕ್ಕವೂ ಇದೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅಲ್ಲಿ ಮೈಸೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಏಳುತ್ತಾನೆ, ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಸಂಜೆ ಮುಗಿದಿರುತ್ತದೆ. ರಾಧಾನಗರ ಕಡಲತೀರದ ಸೂರ್ಯಾಸ್ತಕ್ಕೆ ನಾಲ್ಕಕ್ಕೇ ಅಲ್ಲಿರಿ. ನಸುಕಿನಲ್ಲಿ ಎದ್ದು ಪೂರ್ವ ದಿಕ್ಕಿನ ಕಾಲಾಪತ್ಥರ್ ತೀರಕ್ಕೆ ನಡೆದುಹೋಗಿ.

ಮೈಸೂರಿನಿಂದ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಚೆನ್ನೈ, ಅಲ್ಲಿಂದ ಪೋರ್ಟ್ ಬ್ಲೇರಿಗೆ ವಿಮಾನದಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ಚೆನ್ನೈನಿಂದ ಹಡಗೂ ಇದೆ. ಆದರೆ ಹೋಗಲು ಮೂರು ದಿನ, ಬರಲು ಮೂರು ದಿನ, ಎಂಟು ದಿನದ ರಜೆಗೆ ಅದು ಹೊಂದುವುದಿಲ್ಲ. ಮೊದಲ ಮಧ್ಯಾಹ್ನವನ್ನು ಸೆಲ್ಯುಲರ್ ಜೈಲಿಗೆ ಕೊಡಿ. 1906ರಲ್ಲಿ ಕಟ್ಟಿ ಮುಗಿಸಿದ ಸೆರೆಕೋಣೆಗಳ ಏಳು ಸಾಲುಗಳಲ್ಲಿ ಮೂರು ಉಳಿದಿವೆ. ನೋಡದೆ ಕಡಲತೀರಕ್ಕೆ ಓಡಬೇಡಿ. ಮರುದಿನ ಹ್ಯಾವ್‌ಲಾಕ್‌ಗೆ ದೋಣಿ. ಖಾಸಗಿ ದೋಣಿಗಳು ಬೇಗ ತಲುಪಿಸುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಗಾಜು ಮುಚ್ಚಿದ ಹವಾನಿಯಂತ್ರಿತ ಕೋಣೆಗಳು. ನನಗೆ ಸರ್ಕಾರಿ ದೋಣಿಯೇ ಇಷ್ಟ. ದರ ಕಡಿಮೆ, ಮೇಲಿನ ಅಟ್ಟದಲ್ಲಿ ಗಾಳಿಗೆ ಮುಖವೊಡ್ಡಿ ನಿಲ್ಲಬಹುದು, ಹಾರುಮೀನು ನೀರಿನಿಂದ ಚಿಮ್ಮಿ ಹೋಗುವುದನ್ನು ಕಾಣಬಹುದು. ತರಕಾರಿ ಮೂಟೆಯ ಮೇಲೆ ಕೂತು ಊರಿಗೆ ಮರಳುವ ಹೆಂಗಸರೊಂದಿಗೆ ಮಾತಿಗಿಳಿಯಬಹುದು. ಸೀಟುಗಳು ಬೇಗ ತುಂಬುತ್ತವೆ, ದ್ವೀಪವಾಸಿಗಳಿಗೆ ಅದು ದಿನದ ಬಸ್ಸು. ದಿನಾಂಕ ಗಟ್ಟಿಯಾದ ಕೂಡಲೇ ಟಿಕೆಟ್ ನೋಡಿ.

ಹ್ಯಾವ್‌ಲಾಕಿನಲ್ಲಿ ಮೂರು ರಾತ್ರಿ ಇರಿ. ಎಲಿಫೆಂಟ್ ಬೀಚಿಗೆ ದೋಣಿಯ ಬದಲು ಕಾಡಿನ ಕಾಲುದಾರಿ ಹಿಡಿಯಿರಿ. ದೊಡ್ಡ ಮರಗಳ ನೆರಳು, ಕೆಸರು, ಕೊನೆಗೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ನೀರು. ಒಂದು ಇಡೀ ದಿನ ಏನನ್ನೂ ಗೊತ್ತುಮಾಡಿಕೊಳ್ಳಬೇಡಿ. ಆಮೇಲೆ ನೀಲ್‌ನಲ್ಲಿ ಎರಡು ರಾತ್ರಿ. ಅದು ಚಿಕ್ಕ, ಹೆಚ್ಚುಕಡಿಮೆ ಸಮತಟ್ಟಾದ ದ್ವೀಪ. ಬಾಡಿಗೆ ಸೈಕಲ್ಲಿನಲ್ಲಿ ಭರತಪುರದಿಂದ ಸೀತಾಪುರಕ್ಕೆ ಹೋಗಿ. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಗದ್ದೆ, ತರಕಾರಿ ತೋಟ ದಾರಿಯುದ್ದಕ್ಕೂ ಸಿಗುತ್ತವೆ. ಮಂಡ್ಯದ ಗದ್ದೆ ಬಯಲಿನಲ್ಲಿ ಬೆಳೆದ ನನಗೆ ಬತ್ತದ ತೆನೆಯ ಹಿಂದೆ ಹಸಿರು ಸಮುದ್ರ ಕಂಡಾಗ ಸೈಕಲ್ ಇಳಿಯದೆ ಇರಲಾಗಲಿಲ್ಲ.

ಕೊನೆಯ ರಾತ್ರಿ ಕಡ್ಡಾಯವಾಗಿ ಪೋರ್ಟ್ ಬ್ಲೇರಿನಲ್ಲಿರಿ. ಗಾಳಿ ಎದ್ದರೆ ದೋಣಿ ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದು) ಮಾಡಿದವರಿಗೆ ಇನ್ನೊಂದು ಕಾರಣವೂ ಇದೆ: ನೀರಿನ ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಮುಳುಗಿ ಬಂದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ.

ಪ್ರಶ್ನೆ: ನಾನು ವಿ.ಸಿ. ನಾಲೆಯಲ್ಲಿ ಈಜು ಕಲಿತವನು. ಸಮುದ್ರಕ್ಕೆ ಅಷ್ಟು ಸಾಕೇ? ನನ್ನ ತಂಗಿಗೆ ಈಜು ಬರುವುದಿಲ್ಲ, ಅವಳು ಸ್ಕೂಬಾ ಮಾಡಬಹುದೇ?
(ಓದುಗರು, ಮಂಡ್ಯ)

ಉತ್ತರ: ನಿಮ್ಮ ತಂಗಿಯ ಪ್ರಶ್ನೆ ಸುಲಭ. ಮೊದಲ ಸಲದವರಿಗೆ ನಡೆಸುವ ಸ್ಕೂಬಾದಲ್ಲಿ ತರಬೇತುದಾರರು ಕೈಬಿಡದೆ ಜೊತೆಗಿರುತ್ತಾರೆ, ಈಜು ಬರಲೇಬೇಕೆಂದಿಲ್ಲ. ಉಬ್ಬಸ, ಕಿವಿ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಊರಲ್ಲೇ ವೈದ್ಯರನ್ನು ಕೇಳಿ ಹೊರಡಲಿ.

ನನಗೆ ಆತಂಕ ಇರುವುದು ನಿಮ್ಮ ಬಗ್ಗೆ. ನಾಲೆಯ ನೀರು ಒಂದೇ ಕಡೆಗೆ ಹರಿಯುತ್ತದೆ, ಎರಡು ಬದಿಗೂ ದಡ ಕೈಗೆಟುಕುತ್ತದೆ. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಯ ನೀರು ಕೆಲವೊಮ್ಮೆ ಕಿರಿದಾದ ಜಾಗದಲ್ಲಿ ಒಟ್ಟಾಗಿ ಮತ್ತೆ ಕಡಲಿನ ಒಳಕ್ಕೆ ನುಗ್ಗುತ್ತದೆ. ಅದಕ್ಕೆ ಸಿಕ್ಕವರು ನೇರ ದಡದತ್ತ ಕೈ ಬೀಸಿ ಬೀಸಿ ಸುಸ್ತಾಗುತ್ತಾರೆ, ಮುಳುಗುವುದು ಆ ಸುಸ್ತಿನಿಂದ. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ಸಡಿಲಾದ ಮೇಲೆ ದಡಕ್ಕೆ ತಿರುಗಿ. ಶಕ್ತಿ ಇಲ್ಲದಿದ್ದರೆ ಅಂಗಾತ ತೇಲುತ್ತಾ ಕೈ ಎತ್ತಿ ಕರೆಯಿರಿ. ಉಪ್ಪುನೀರು ಸಿಹಿನೀರಿಗಿಂತ ನಿಮ್ಮನ್ನು ಚೆನ್ನಾಗಿಯೇ ಹೊರುತ್ತದೆ. ಹೊರಡುವ ಮೊದಲು ಈಜುಕೊಳದಲ್ಲಿ ಅಂಗಾತ ತೇಲುವುದನ್ನು ರೂಢಿಸಿಕೊಳ್ಳಿ.

ಮೊಸಳೆಯ ಎಚ್ಚರಿಕೆ ಫಲಕ ಕಂಡಲ್ಲಿ ನೀರಿಗಿಳಿಯಲೇಬೇಡಿ. ನಾವು ರಂಗನತಿಟ್ಟಿನ ಬಂಡೆಯ ಮೇಲೆ ನೋಡುವ ಮೊಸಳೆಯ ಜಾತಿಯಲ್ಲ ಅದು. ಉಪ್ಪುನೀರಿನ ಮೊಸಳೆ ಅದಕ್ಕಿಂತ ಬಹಳ ದೊಡ್ಡದು, ಮನುಷ್ಯರನ್ನು ಕೊಂದದ್ದೂ ಇದೆ.

ಪ್ರಶ್ನೆ: ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ಹೋಗುವ ದಾರಿಯಲ್ಲಿ ಆದಿವಾಸಿಗಳನ್ನು ನೋಡಬಹುದಂತೆ. ಹೋಗಬಹುದೇ?
(ವಿದ್ಯಾರ್ಥಿ, ಶ್ರೀರಂಗಪಟ್ಟಣ)

ಉತ್ತರ: ಅವರನ್ನು ನೋಡುವುದಕ್ಕೆಂದು ದಯವಿಟ್ಟು ಹೋಗಬೇಡಿ. ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಆ ಭಾಗವನ್ನು ಮುಚ್ಚುವಂತೆ ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿತ್ತು. ಇಂದಿಗೂ ವಾಹನಗಳು ಬೆಂಗಾವಲಿನಲ್ಲಿ ಸಾಲಾಗಿ ಹೋಗುತ್ತವೆ, ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಅಪರಾಧ. 1999ರಲ್ಲಿ ದಡಾರ ಅವರ ನಡುವೆ ಹರಡಿತ್ತು. ನಮಗೆ ಸಾಮಾನ್ಯವಾದ ನೆಗಡಿ, ಜ್ವರ ಅವರಿಗೆ ಸಾವಾಗಬಹುದು. ತಮ್ಮ ಪಾಡಿಗೆ ಬದುಕುವ ಜನರ ಮನೆಯಂಗಳದಲ್ಲಿ ಇಣುಕುವುದು ಸಾಹಸವಲ್ಲ. ಆ ದಿನವನ್ನು ಲಾಂಗ್ ಐಲ್ಯಾಂಡಿಗೆ ಕೊಡಿ, ದೋಣಿ ಇದೆ, ಕಾಡಿನೊಳಗೆ ನಡೆದು ಲಾಲಾಜಿ ಬೇ ತಲುಪಬಹುದು.

ಪ್ರಶ್ನೆ: ಚೀಲದಲ್ಲಿ ಏನೇನಿರಬೇಕು? ನಾವು ಸಸ್ಯಾಹಾರಿಗಳು.
(ಓದುಗರು, ಮದ್ದೂರು)

ಉತ್ತರ: ಅನ್ನ, ಬೇಳೆ, ತರಕಾರಿ, ಇಡ್ಲಿ, ದೋಸೆ ಎಲ್ಲವೂ ಸಿಗುತ್ತವೆ. ಪೋರ್ಟ್ ಬ್ಲೇರಿನಲ್ಲಿ ತಮಿಳರ ಹೋಟೆಲುಗಳು ಬೇಕಾದಷ್ಟಿವೆ. ಚೀಲ ಹೊತ್ತು ಚಾಮುಂಡಿಬೆಟ್ಟದ ಮೆಟ್ಟಿಲು ಒಮ್ಮೆ ಹತ್ತಿ ನೋಡಿ. ನಂದಿಯ ಬಳಿ ಬರುವಷ್ಟರಲ್ಲಿ ಏನನ್ನು ತೆಗೆದಿಡಬೇಕೆಂದು ತಿಳಿಯುತ್ತದೆ. ದಪ್ಪ ಟವೆಲಿನ ಬದಲು ಮೇಲುಕೋಟೆಯ ನೂಲಿನ ಪಂಚೆ ಒಯ್ಯಿರಿ: ಮೈ ಒರೆಸಲು, ಹೊದೆಯಲು, ನೆರಳಿಗೆ ಕಟ್ಟಲು ಎಲ್ಲಕ್ಕೂ ಆಗುತ್ತದೆ, ಬೇಗ ಒಣಗುತ್ತದೆ. ಟಾರ್ಚ್, ಓಆರ್‌ಎಸ್, ದೋಣಿಯ ವಾಂತಿಗೆ ಮಾತ್ರೆ, ಸ್ವಲ್ಪ ನಗದು ಇರಲಿ. ಬರುವಾಗ ಹವಳದ ಚೂರು, ಚಿಪ್ಪು ಹೆಕ್ಕಿ ತರಬೇಡಿ. ಸತ್ತ ಹವಳವನ್ನೂ ಕಾನೂನು ಬಿಡುವುದಿಲ್ಲ.

ಪ್ರಶ್ನೆ: ಅಷ್ಟು ದುಡ್ಡೂ ಇಲ್ಲ, ರಜೆಯೂ ಇಲ್ಲ. ಹತ್ತಿರದಲ್ಲಿ ದ್ವೀಪವಿಲ್ಲವೇ?
(ಓದುಗರು, ಪಾಂಡವಪುರ)

ಉತ್ತರ: ಬೆಂಗಳೂರು–ಮುರುಡೇಶ್ವರ ರೈಲು ಮಂಡ್ಯ, ಮೈಸೂರಿನ ಮೇಲೆಯೇ ಹೋಗುತ್ತದೆ. ಉಡುಪಿಯಲ್ಲಿ ಇಳಿದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹಿಡಿಯಿರಿ. ಅಲ್ಲಿನ ಕಂಬದಂತಹ ಕಲ್ಲುಗಳು ಭಾರತ, ಮಡಗಾಸ್ಕರ್ ಬೇರಾಗುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ರಾತ್ರಿ ತಂಗುವಂತಿಲ್ಲ. ಮರುದಿನ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡಿಸುತ್ತಾರೆ. ಮಳೆಗಾಲದಲ್ಲಿ ಎರಡೂ ಕಡೆ ದೋಣಿ ನಿಲ್ಲುತ್ತದೆ. ನವೆಂಬರಿನಿಂದ ಫೆಬ್ರುವರಿಯೊಳಗೆ ಒಂದು ವಾರಾಂತ್ಯ ಗೊತ್ತುಮಾಡಿಕೊಳ್ಳಿ.