ಆಟ 7.40ಕ್ಕೆ, ಪ್ರಸಾರ 8.30ಕ್ಕೆ

ಮಾನ್ಯರೇ,

ಮೆಲ್ಬರ್ನ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಹಾಸನಕ್ಕೆ ಮರಳಿದ ಮೇಲೆ ತಾವು ಬರೆದ ಪತ್ರ ತಲುಪಿದೆ. ಅಲ್ಲಿ ಪಕ್ಕದ ಮನೆಯ ಹಿರಿಯರು ತಮ್ಮೂರಿನ ಫುಟ್‌ಬಾಲ್ (ನಾವು ಬಲ್ಲ ಫುಟ್‌ಬಾಲ್ ಅಲ್ಲ, ಕೈಯನ್ನೂ ಬಳಸಿ ಆಡುವ ಆಸ್ಟ್ರೇಲಿಯದ್ದೇ ಆದ ಆಟ) ಕುರಿತು ಹೇಳಿದ ಎರಡು ಮಾತು ತಮ್ಮನ್ನು ಕಾಡಿವೆ. ಅವರು ಹುಡುಗನಾಗಿದ್ದಾಗ ಟಿವಿಯಲ್ಲಿ ಪಂದ್ಯದ ಕೊನೆಯ ಕ್ವಾರ್ಟರ್, ಅಂದರೆ ನಾಲ್ಕು ಭಾಗಗಳಲ್ಲಿ ಕೊನೆಯದು ಮಾತ್ರ ನೇರವಾಗಿ ಬರುತ್ತಿತ್ತು ಎಂಬುದು ಒಂದು. ತೀರ ಇತ್ತೀಚಿನವರೆಗೂ ಶುಕ್ರವಾರ ರಾತ್ರಿ 7.40ಕ್ಕೆ ಶುರುವಾದ ಆಟ ಅದೇ ಊರಿನ ಟಿವಿಯಲ್ಲಿ 8.30ಕ್ಕೆ ಕಾಣಿಸುತ್ತಿತ್ತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಿರಬೇಕೆಂದು ಊಹಿಸಿ, ಎರಡನೆಯದನ್ನು ವಯಸ್ಸಾದವರ ಮರೆವಿನ ಲೆಕ್ಕಕ್ಕೆ ಸೇರಿಸಿದ್ದೀರಿ. ಹಿರಿಯರ ನೆನಪು ಎರಡೂ ಕಡೆ ಸರಿಯಾಗಿಯೇ ಇದೆ. ತಮ್ಮ ಊಹೆಯನ್ನು ಮಾತ್ರ ತಿದ್ದಬೇಕಾಗಿದೆ.

ಮೆಲ್ಬರ್ನ್‌ಗೆ ಟಿವಿ ಬಂದದ್ದು 1956ರ ನವೆಂಬರಿನಲ್ಲಿ, ಅಲ್ಲಿ ಒಲಿಂಪಿಕ್ಸ್ ಶುರುವಾಗುವ ಹೊತ್ತಿಗೆ. ಮರುವರ್ಷವೇ ಕ್ಯಾಮೆರಾಗಳು ಫುಟ್‌ಬಾಲ್ ಮೈದಾನಗಳಿಗೆ ಹೋದವು. ಇಡೀ ಪಂದ್ಯವನ್ನು ತೋರಿಸಲು ಬೇಕಾದ ಸಲಕರಣೆಯೆಲ್ಲ ಇತ್ತು, ಇಲ್ಲದಿದ್ದದ್ದು ಅನುಮತಿ. ಈ ಆಟದ ಮುಖ್ಯ ಲೀಗ್ ಆದ ಇಂದಿನ ಎಎಫ್‌ಎಲ್‌ಗೆ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಆಗ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರು. ಅದರಲ್ಲಿದ್ದ ಹನ್ನೆರಡು ಕ್ಲಬ್ಬುಗಳಲ್ಲಿ ಜೀಲಾಂಗ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಮೆಲ್ಬರ್ನ್ ನಗರದ ಬಡಾವಣೆಗಳವು. ಆರೂ ಪಂದ್ಯಗಳು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಕ್ಲಬ್ಬುಗಳು ಬಹುಪಾಲು ಬದುಕುತ್ತಿದ್ದದ್ದು ಗೇಟಿನಲ್ಲಿ ಸೇರುವ ಟಿಕೆಟ್ ಹಣದಿಂದ. ಆಟ ಪುಕ್ಕಟೆಯಾಗಿ ಮನೆಯೊಳಗೇ ಬಂದರೆ ಜುಲೈ ತಿಂಗಳ ಮಳೆಗೆ, ಕೊರೆಯುವ ಗಾಳಿಗೆ ಮೈಯೊಡ್ಡಿ ನಿಲ್ಲಲು ಯಾರು ಬರುತ್ತಾರೆ ಎಂಬುದು ಲೀಗಿನ ಭಯವಾಗಿತ್ತು. ಹಾಗಾಗಿ ಕೊನೆಯ ಕ್ವಾರ್ಟರ್ ಒಂದನ್ನೇ ನೇರವಾಗಿ ತೋರಿಸಲು ಒಪ್ಪಿದರು. ಆ ಹೊತ್ತಿಗೆ ಬರಬೇಕಾದವರೆಲ್ಲ ಟಿಕೆಟ್ ಕೊಂಡು ಒಳಗೆ ಸೇರಿರುತ್ತಿದ್ದರು.

1960ರ ದಶಕ ಆರಂಭವಾಗುವಾಗ ಆ ಅನುಮತಿಯನ್ನೂ ಹಿಂತೆಗೆದುಕೊಂಡು, ಮುದ್ರಿಸಿಕೊಂಡ ಆಟವನ್ನು ಸಂಜೆಯ ಮೇಲೆ ತೋರಿಸಿದರೆ ಸಾಕು ಎಂದರು. ಹೀಗೆ ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದಾಗ ನೇರ ಪ್ರಸಾರ ಮಾತ್ರ ಹಿಂದಕ್ಕೆ ಸರಿಯಿತು. ಮಧ್ಯಾಹ್ನ ಮೈದಾನದಲ್ಲಿ ಅಥವಾ ರೇಡಿಯೊ ಮುಂದೆ, ರಾತ್ರಿ ಟಿವಿಯಲ್ಲಿ ಅದೇ ಆಟದ ಆಯ್ದ ಭಾಗಗಳು, ಭಾನುವಾರ ಚಾನೆಲ್ ಸೆವೆನ್‌ನಲ್ಲಿ ‘ವರ್ಲ್ಡ್ ಆಫ್ ಸ್ಪೋರ್ಟ್’ ಎಂಬ ಹರಟೆಯ ಕಾರ್ಯಕ್ರಮ: ಒಂದು ತಲೆಮಾರಿನ ವಾರಾಂತ್ಯ ಹೀಗೇ ಸಾಗಿತು. ಆ ಹರಟೆ 1959ರಿಂದ 1987ರವರೆಗೆ ನಡೆಯಿತು ಎಂದರೆ, ಆಟವನ್ನು ನೋಡುವಷ್ಟೇ ಅದರ ಬಗ್ಗೆ ಮಾತಾಡುವುದನ್ನು ಕೇಳುವ ಹಸಿವೂ ಆ ಊರಿಗಿತ್ತು ಎಂದು ತೋರುತ್ತದೆ.

ಲೀಗಿನ ಭಯದಲ್ಲಿ ಅರ್ಥವಿತ್ತೇ ಎಂದರೆ, ಸಾಮಾನ್ಯ ಶನಿವಾರಗಳ ಮಟ್ಟಿಗೆ ಸ್ವಲ್ಪ ಇದ್ದಿರಬಹುದು. ಆದರೆ ವರ್ಷದ ಚಾಂಪಿಯನ್‌ ತಂಡವನ್ನು ತೀರ್ಮಾನಿಸುವ ಗ್ರ್ಯಾಂಡ್ ಫೈನಲನ್ನೂ ಅದೇ ತಕ್ಕಡಿಯಲ್ಲಿ ತೂಗಿದ್ದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. 1970ರ ಗ್ರ್ಯಾಂಡ್ ಫೈನಲ್‌ಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1,21,696 ಜನ ಕಿಕ್ಕಿರಿದಿದ್ದರು. ಒಳಗೆ ಕಾಲಿಡಲು ಜಾಗವಿಲ್ಲದ ಪಂದ್ಯಕ್ಕೆ ಟಿವಿಯಿಂದ ಯಾವ ಗೇಟಿನ ಹಣ ಕಡಿಮೆಯಾದೀತು? ಆದರೂ ಮೆಲ್ಬರ್ನ್‌ನ ಜನ ಗ್ರ್ಯಾಂಡ್ ಫೈನಲನ್ನು ಮನೆಯಲ್ಲಿ ಕುಳಿತು ನೇರವಾಗಿ ನೋಡಲು 1977ರ ಸೆಪ್ಟೆಂಬರ್ 24ರವರೆಗೆ ಕಾಯಬೇಕಾಯಿತು. ಅಂದು ನಾರ್ತ್ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ತಂಡಗಳು ತಲಾ 76 ಅಂಕ ಗಳಿಸಿ ಪಂದ್ಯ ಸಮವಾಯಿತು. ಆಗಿನ ನಿಯಮದಂತೆ ಮುಂದಿನ ಶನಿವಾರ ಇಡೀ ಪಂದ್ಯವನ್ನು ಮತ್ತೆ ಆಡಿದಾಗ ಅದೂ ನೇರವಾಗಿ ಪ್ರಸಾರವಾಯಿತು. ನಾರ್ತ್ ಮೆಲ್ಬರ್ನ್ ಗೆದ್ದಿತು. ಇಪ್ಪತ್ತು ವರ್ಷ ಕಾದವರಿಗೆ ವಾರದ ಅಂತರದಲ್ಲಿ ಒಂದಕ್ಕೆ ಎರಡು ಗ್ರ್ಯಾಂಡ್ ಫೈನಲ್ ಸಿಕ್ಕವು.

ಭಾನುವಾರದ್ದು ಬೇರೆಯದೇ ಕಥೆ. ವಿಕ್ಟೋರಿಯ ರಾಜ್ಯದಲ್ಲಿ ಭಾನುವಾರದ ಲೀಗ್ ಪಂದ್ಯಗಳಿಗೆ ಸರ್ಕಾರದ ನಿರ್ಬಂಧವಿತ್ತು. 1982ರಲ್ಲಿ ಸಾಲದಲ್ಲಿ ಮುಳುಗಿದ್ದ ಸೌತ್ ಮೆಲ್ಬರ್ನ್ ಕ್ಲಬ್ ತವರು ಬಿಟ್ಟು ಸಿಡ್ನಿಗೆ ಹೋದಾಗ ಇದಕ್ಕೊಂದು ದಾರಿ ತೆರೆಯಿತು. ಸಿಡ್ನಿಯಲ್ಲಿ ಭಾನುವಾರ ಆಡಿದರೆ ವಿಕ್ಟೋರಿಯದ ನಿರ್ಬಂಧ ತಾಗುವುದಿಲ್ಲ, ಮೆಲ್ಬರ್ನ್‌ನ ಯಾವ ಗೇಟಿಗೂ ನಷ್ಟವಿಲ್ಲ. ಆದ್ದರಿಂದ ಆ ಪಂದ್ಯಗಳು ಮೆಲ್ಬರ್ನ್‌ಗೆ ನೇರವಾಗಿ ಬಂದವು. ಊರು ಬಿಟ್ಟು ಹೋದ ತಂಡವನ್ನು, ಅದು ಊರಿನಲ್ಲೇ ಇದ್ದಾಗ ಕಾಣದಷ್ಟು, ಊರಿನವರು ಟಿವಿಯಲ್ಲಿ ಕಂಡರು.

ಇನ್ನು ತಾವು ನಂಬದ ಶುಕ್ರವಾರದ ವಿಚಾರ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ದೀಪಸ್ತಂಭಗಳು ನಿಂತ ಮೇಲೆ, 1985ರಿಂದ, ನಾರ್ತ್ ಮೆಲ್ಬರ್ನ್ ಕ್ಲಬ್ ಶುಕ್ರವಾರ ರಾತ್ರಿಯ ಆಟವನ್ನು ರೂಢಿಗೆ ತಂದಿತು. ಕ್ರಮೇಣ ಅದು ವಾರದ ಮುಖ್ಯ ಪಂದ್ಯವೇ ಆಯಿತು. ಇಲ್ಲಿಂದ ಮುಂದೆ ತಡದ ಕಾರಣ ಬದಲಾಗುತ್ತದೆ. ಗೇಟಿನ ಚಿಂತೆ ಹಿಂದೆ ಸರಿದು ವಾಹಿನಿಯ ವೇಳಾಪಟ್ಟಿ ಮುಂದೆ ಬರುತ್ತದೆ. 2002ರಿಂದ 2006ರವರೆಗೆ ಉಚಿತ ವಾಹಿನಿಗಳಾದ ಚಾನೆಲ್ ನೈನ್, ಚಾನೆಲ್ ಟೆನ್ ಮತ್ತು ಚಂದಾ ವಾಹಿನಿ ಫಾಕ್ಸ್‌ಟೆಲ್ ಹಕ್ಕುಗಳನ್ನು ಹಂಚಿಕೊಂಡವು. ಆ ಐದು ವರ್ಷಗಳ ಬೆಲೆ 50 ಕೋಟಿ ಡಾಲರ್. 2007ರಿಂದ 2011ರವರೆಗೆ ಸೆವೆನ್ ಮತ್ತು ಟೆನ್ 78 ಕೋಟಿ ಡಾಲರ್‌ಗೆ ಹಕ್ಕು ಹಿಡಿದವು. ಇಷ್ಟು ಹಣ ಸುರಿದವರು ಪಂದ್ಯವನ್ನು ಐವತ್ತು ನಿಮಿಷ ಬಚ್ಚಿಟ್ಟುಕೊಳ್ಳುವುದೇಕೆ ಎಂಬ ತಮ್ಮ ಪ್ರಶ್ನೆ ನ್ಯಾಯವಾದದ್ದೇ. ಸೆವೆನ್ ಬಳಿ ಶುಕ್ರವಾರ 7.30ಕ್ಕೆ ‘ಬೆಟರ್ ಹೋಮ್ಸ್ ಅಂಡ್ ಗಾರ್ಡನ್ಸ್’ ಎಂಬ ಮನೆ, ತೋಟ, ಅಡುಗೆಯ ಕಾರ್ಯಕ್ರಮವಿತ್ತು; ದೇಶದಾದ್ಯಂತ ಅದಕ್ಕೆ ದೊಡ್ಡ ವೀಕ್ಷಕವರ್ಗವಿತ್ತು, ಅದರ ಜಾಹೀರಾತಿಗೂ ಒಳ್ಳೆಯ ಬೆಲೆಯಿತ್ತು. ಫುಟ್‌ಬಾಲ್ ಅಭಿಮಾನಿ ಹೇಗೂ ಕಾಯುತ್ತಾನೆ, ಗಿಡ ನೆಡುವವರು ಕಾಯುವುದಿಲ್ಲ ಎಂಬ ಲೆಕ್ಕ ಅದು. ಜೊತೆಗೆ ಈ ಆಟದಲ್ಲಿ ಪ್ರತಿ ಗೋಲಿನ ನಂತರ ಚೆಂಡು ಮೈದಾನದ ನಡುವಿಗೆ ಮರಳುವ ಬಿಡುವಿನಲ್ಲಿ ಒಂದು ಜಾಹೀರಾತು ಹಿಡಿಸುತ್ತದೆ. ತಡವಾಗಿ ತೋರಿಸುವಾಗ ಅರ್ಧಾವಧಿಯ ವಿರಾಮವನ್ನು ಮೊಟಕು ಮಾಡಿ ಅಂಥ ಬಿಡುವುಗಳನ್ನು ಹಿಗ್ಗಿಸಿಕೊಳ್ಳಲೂ ಅವಕಾಶವಿತ್ತು.

ಮೆಲ್ಬರ್ನ್‌ನವರ ಈ ಗೊಣಗು ಸಿಡ್ನಿ, ಬ್ರಿಸ್ಬೇನ್‌ಗಳಲ್ಲಿರುವ ಅಭಿಮಾನಿಗಳಿಗೆ ಉಂಡವರ ಅಜೀರ್ಣದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆ ಎರಡು ನಗರಗಳಲ್ಲಿ ಶುಕ್ರವಾರದ ರಾತ್ರಿ ರಗ್ಬಿ ಲೀಗಿಗೆ ಮೀಸಲು. ನೈನ್ ಬಳಿ ಎರಡೂ ಆಟಗಳ ಹಕ್ಕಿದ್ದ ವರ್ಷಗಳಲ್ಲಿ ಅಲ್ಲಿ ರಗ್ಬಿ ಮೊದಲು ಬಂದು, ಮೆಲ್ಬರ್ನ್‌ನ ಫುಟ್‌ಬಾಲ್ ಊರು ಮಲಗುವ ಹೊತ್ತಿಗೆ ಪರದೆಗೆ ಬರುತ್ತಿತ್ತು.

ಕಾನೂನು ಏನು ಮಾಡುತ್ತಿತ್ತು ಎಂದೂ ಕೇಳಿದ್ದೀರಿ. ಆಸ್ಟ್ರೇಲಿಯದಲ್ಲಿ ಚಂದಾ ಟಿವಿ ಕಾಲಿಡುವ ಮುನ್ನ, 1994ರಲ್ಲಿ, ಪ್ರಮುಖ ಪಂದ್ಯಗಳ ಪಟ್ಟಿಯೊಂದನ್ನು ಸರ್ಕಾರ ಜಾರಿಗೆ ತಂದಿತು. ಈ ಫುಟ್‌ಬಾಲ್ ಅದರಲ್ಲಿತ್ತು. ಆದರೆ ಪಟ್ಟಿ ಕೊಟ್ಟದ್ದು ಉಚಿತ ವಾಹಿನಿಗಳಿಗೆ ಹಕ್ಕು ಕೊಳ್ಳುವ ಮೊದಲ ಅವಕಾಶವನ್ನು ಮಾತ್ರ. ಕೊಂಡದ್ದನ್ನು ನೇರವಾಗಿ ತೋರಿಸಲೇಬೇಕೆಂಬ ಕಟ್ಟುಪಾಡನ್ನು ಅದು ಹಾಕಲಿಲ್ಲ. ನಮ್ಮ 2007ರ ಕಾಯ್ದೆ ಖಾಸಗಿ ವಾಹಿನಿಗಳು ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಸಂಕೇತವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು ವಿಧಿಸುತ್ತದೆ. ಅಲ್ಲಿನ ಏರ್ಪಾಡು ಆ ಬಗೆಯದಲ್ಲ.

ತಡಕ್ಕೆ ಕೊನೆಗೂ ತೆರೆಬಿದ್ದದ್ದು ವ್ಯಾಪಾರದ ಕಾರಣಕ್ಕೇ. 2011ರಲ್ಲಿ ಸೆವೆನ್, ಫಾಕ್ಸ್‌ಟೆಲ್ ಮತ್ತು ದೂರವಾಣಿ ಕಂಪನಿ ಟೆಲ್‌ಸ್ಟ್ರಾ ಸೇರಿ ಸುಮಾರು 125 ಕೋಟಿ ಡಾಲರ್‌ಗೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ 2012ರಿಂದ ಫಾಕ್ಸ್‌ಟೆಲ್ ಪಂದ್ಯಗಳನ್ನು ನೇರವಾಗಿ ಕೊಡತೊಡಗಿತು, ಟೆಲ್‌ಸ್ಟ್ರಾ ಮೊಬೈಲಿನಲ್ಲಿ ಕೊಟ್ಟಿತು. ಪಕ್ಕದ ಮನೆಯಲ್ಲಿ ಗೋಲಿಗೆ ಕೇಕೆ ಬಿದ್ದ ಮೇಲೆ ಐವತ್ತು ನಿಮಿಷ ಹಳೆಯ ಆಟಕ್ಕೆ ಯಾರೂ ಕಾಯುವುದಿಲ್ಲವೆಂದು ಸೆವೆನ್‌ಗೂ ತಿಳಿದಿತ್ತು. ಮೆಲ್ಬರ್ನ್‌ನ ಉಚಿತ ಟಿವಿಯಲ್ಲಿ ಶುಕ್ರವಾರದ ಆಟ ಆಗಿನಿಂದ ನೇರವಾಯಿತು.

ಗ್ರ್ಯಾಂಡ್ ಫೈನಲ್ ಇನ್ನೂ ಮಧ್ಯಾಹ್ನವೇ ಏಕೆ ಎಂಬುದು ತಮ್ಮ ಕೊನೆಯ ಪ್ರಶ್ನೆ. ರಾತ್ರಿ ನಡೆದರೆ ವೀಕ್ಷಕರೂ ಜಾಹೀರಾತೂ ಹೆಚ್ಚುತ್ತವೆಂದು ವಾಹಿನಿಗಳು ವಾದಿಸುತ್ತಲೇ ಬಂದಿವೆ. ಸೋಂಕಿನ ಕಾಲದಲ್ಲಿ ಪಂದ್ಯ ಮೆಲ್ಬರ್ನ್ ಬಿಟ್ಟು ಹೋದಾಗ, 2020ರಲ್ಲಿ ಬ್ರಿಸ್ಬೇನ್‌ನಲ್ಲಿ ಅದು ರಾತ್ರಿ ನಡೆಯಿತು. 2021ರಲ್ಲಿ ಪರ್ತ್‌ನಲ್ಲಿ ಸಂಜೆ ಶುರುವಾದದ್ದು ಎರಡು ಗಂಟೆ ಮುಂದಿರುವ ಮೆಲ್ಬರ್ನ್‌ನವರಿಗೆ ರಾತ್ರಿಯ ಆಟವೇ ಆಯಿತು. 2022ರಲ್ಲಿ ಪಂದ್ಯ ತನ್ನ ಮೈದಾನಕ್ಕೂ ಮಧ್ಯಾಹ್ನ 2.30ರ ಹೊತ್ತಿಗೂ ಮರಳಿತು. ಈ ಒಂದು ವಿಷಯದಲ್ಲಿ ಹಳೆಯ ರೂಢಿಯ ಅಭಿಮಾನ ವಾಹಿನಿಗಳ ಲೆಕ್ಕಕ್ಕೆ ಮಣಿದಿಲ್ಲ. ಸೆಪ್ಟೆಂಬರ್ ಕೊನೆಯ ಶನಿವಾರ ಅಲ್ಲಿ 2.30 ಎಂದರೆ ಹಾಸನದಲ್ಲಿ ಬೆಳಿಗ್ಗೆ 10 ಗಂಟೆ. ತಿಂಡಿ ಮುಗಿಸಿ ಕುಳಿತರೆ ತಮಗೆ ಮೊದಲ ಕ್ವಾರ್ಟರಿನಿಂದಲೇ ಸಿಗುತ್ತದೆ.

— ಸಂಪಾದಕ