ಎಲ್ಲ ಕಲಿಸಿಬಿಟ್ಟರೆ ನನ್ನ ಬೆಲೆ ಏನು?

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಟೈಲರ್ ಆಗಿ ಸೇರಿ ಹದಿನೆಂಟು ವರ್ಷ ಆಯಿತು. ಈಗ ಕಂಪನಿಯವರು ಎರಡು ವರ್ಷಕ್ಕೆ ಕೀನ್ಯಾಗೆ, ನೈರೋಬಿ ಹತ್ತಿರದ ಆಥಿ ರಿವರ್‌ನ ಫ್ಯಾಕ್ಟರಿಗೆ ಕಳಿಸುತ್ತಿದ್ದಾರೆ. ಅಲ್ಲಿನವರಿಗೆ ಕೆಲಸ ಕಲಿಸಿ ಬರಬೇಕಂತೆ. ಹಿಂದೆ ಹೋಗಿಬಂದವರು "ಅವರಿಗೆ ಕಲಿಯುವ ಆಸಕ್ತಿಯೇ ಇಲ್ಲ" ಎನ್ನುತ್ತಾರೆ. ಇನ್ನೊಂದು ಭಯವೂ ಇದೆ. ನನಗೆ ಗೊತ್ತಿರುವುದನ್ನೆಲ್ಲ ಕಲಿಸಿಬಿಟ್ಟರೆ ಆಮೇಲೆ ನನ್ನ ಬೆಲೆ ಏನು?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ "ಆಸಕ್ತಿ ಇಲ್ಲ" ಎಂಬ ಮಾತನ್ನು ಇಲ್ಲೇ ಬಿಟ್ಟು ವಿಮಾನ ಹತ್ತಿ. ನಮ್ಮ ಬಗ್ಗೆಯೂ ಹೊರಗಿನವರು ಇದೇ ಮಾತು ಆಡಿದ್ದನ್ನು ನಾನು ಕೇಳಿದ್ದೇನೆ. ನಾನು ಕೆಲಸಕ್ಕಿದ್ದ ಕಾರ್ಖಾನೆಗೆ ಯುರೋಪಿನಿಂದ ಒಬ್ಬರು ಬಂದಿದ್ದರು. ನಾಲ್ಕು ವಾರ ಮೀಟಿಂಗ್ ರೂಮಿನಲ್ಲಿ ಸ್ಲೈಡ್ ತೋರಿಸಿದರು, ದಪ್ಪ ಫೈಲ್ ಕೊಟ್ಟರು, ಹೊರಟರು. ನಾವೆಲ್ಲ ಹೂಂ ಹೂಂ ಎಂದು ತಲೆ ಆಡಿಸಿದ್ದೆವು. ಮೂರು ತಿಂಗಳಲ್ಲಿ ಎಲ್ಲ ಮೊದಲಿನ ಹಾಗೇ ಆಯಿತು. ಕಲಿಯುವ ಆಸೆ ನಮಗೆ ತುಂಬಾ ಇತ್ತು. ಆದರೆ ಯಾಕೆ ಹಾಗೆ ಮಾಡಬೇಕು ಎಂದು ಅವರು ಹೇಳಲಿಲ್ಲ, ಕೇಳುವಷ್ಟು ಸಲಿಗೆ ನಮಗಿರಲಿಲ್ಲ.

1996ರಲ್ಲಿ ಗೇಬ್ರಿಯಲ್ ಸುಲಾನ್ಸ್ಕಿ ಎಂಬ ಸಂಶೋಧಕರು ಇದನ್ನೇ ಹುಡುಕಿ ನೋಡಿದರು. ಒಂದೇ ಕಂಪನಿಯ ಒಂದು ಘಟಕದ ಒಳ್ಳೆಯ ಕೆಲಸದ ಕ್ರಮ ಇನ್ನೊಂದು ಘಟಕಕ್ಕೆ ಯಾಕೆ ಹೋಗುವುದಿಲ್ಲ ಎಂಬುದು ಅವರ ಪ್ರಶ್ನೆ. ಮನಸ್ಸಿಲ್ಲದಿರುವುದು ದೊಡ್ಡ ಕಾರಣವಾಗಿರಲಿಲ್ಲ. ಕಲಿಯುವವರಿಗೆ ಹಿಂದಿನ ತಿಳಿವಳಿಕೆ ಸಾಲದು, ಆ ಕ್ರಮ ಯಾಕೆ ಫಲ ಕೊಡುತ್ತದೆ ಎಂಬುದು ಕಲಿಸುವವರಿಗೂ ಸ್ಪಷ್ಟವಿಲ್ಲ, ಇಬ್ಬರ ನಡುವೆ ಒಡನಾಟ ಚೆನ್ನಾಗಿಲ್ಲ. ಈ ಮೂರೇ ಜಾಸ್ತಿ ಅಡ್ಡ ಬಂದಿದ್ದವು.

ಎರಡನೆಯದನ್ನು ನಿಮ್ಮ ಕೆಲಸದಲ್ಲೇ ನೋಡಿ. ತೋಳು ಕೂಡಿಸುವಾಗ ಮೆಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆಯುತ್ತದೆ, ಮೇಲಿನ ಬಟ್ಟೆಯನ್ನು ಮೆಷಿನ್ನಿನ ಪಾದ, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ, ತಡೆಯುತ್ತದೆ. ಹಾಗಾಗಿ ಎರಡೂ ಸಮ ಹೋಗುವುದಿಲ್ಲ, ಸುಕ್ಕು ಬೀಳುತ್ತದೆ. ಪಳಗಿದ ಟೈಲರ್ ಕೆಳಗಿನ ಬಟ್ಟೆಯನ್ನು ಬೆರಳಲ್ಲಿ ಚೂರೇ ಚೂರು ಹಿಡಿದುಕೊಳ್ಳುತ್ತಾಳೆ. ಎಷ್ಟು ಹಿಡಿಯಬೇಕು ಎಂದು ಕೇಳಿದರೆ ಅವಳಿಗೂ ಹೇಳಲು ಬರುವುದಿಲ್ಲ, ಅಲ್ವಾ? ನಿಮ್ಮ ಹದಿನೆಂಟು ವರ್ಷದ ಕಲಿಕೆಯಲ್ಲಿ ಮುಕ್ಕಾಲು ಪಾಲು ಹೀಗೆ ಬೆರಳಲ್ಲೇ ಇದೆ. ಅದು ಫೈಲಿಗೆ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತು ಹೊಲಿಯಬೇಕು, ಅವರು ಹೊಲಿಯುವಾಗ ನೋಡಬೇಕು. ನೀವು ಟೈಲರ್ ಆಗಿದ್ದವರು. ಕಚೇರಿಯಿಂದಲೇ ಮ್ಯಾನೇಜರ್ ಆದ ಎಷ್ಟೋ ಜನರಿಗೆ ಇದು ಆಗದು, ನಿಮಗೆ ಆಗುತ್ತದೆ.

ನಮ್ಮ ಊರು ಕಲಿತದ್ದೂ ಹೀಗೇ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದರು. ಅವರ ತಂಡದ ಜೊತೆ ನಮ್ಮ ಎಂಜಿನಿಯರುಗಳು ವರ್ಷಗಟ್ಟಲೆ ದುಡಿದು ಮಾಡಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಹಾರಿತು. ಮೊದಲು ಹಾರಿಸಿದ ಸುರಂಜನ್ ದಾಸ್ ಅವರ ಹೆಸರಿನ ರಸ್ತೆಯಲ್ಲಿ ನೀವೂ ಓಡಾಡಿರುತ್ತೀರಿ. ಎಚ್‌ಎಂಟಿ ವಾಚ್ ಕೂಡ ಅಷ್ಟೇ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಶುರುವಾಯಿತು.

ಅಲ್ಲಿಗೆ ಹೋದ ಮೊದಲ ತಿಂಗಳು ಏನನ್ನೂ ಬದಲಿಸಬೇಡಿ. ಪೀಣ್ಯದ ಲೈನ್, ಅಂದರೆ ಹೊಲಿಗೆ ಮೆಷಿನ್‌ಗಳ ಸಾಲಿನ ನಕ್ಷೆಯನ್ನು ಹಾಗೇ ಎತ್ತಿ ಆಥಿ ರಿವರ್‌ನಲ್ಲಿ ಇಡಬೇಡಿ. ಕರೆಂಟ್, ಬಟ್ಟೆ ಬರುವ ದಿನ, ಜನ ಬರುವ ಬಸ್ಸು, ಎಲ್ಲ ಬೇರೆ. ಹೊಲಿಗೆಯ ಯಾವ ಹಂತದಲ್ಲಿ ಪೀಸ್ ರಾಶಿ ಬೀಳುತ್ತಿದೆ ಎಂದು ಅಲ್ಲಿನ ಸೂಪರ್‌ವೈಸರನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ, ಇಷ್ಟು ದಿನ ಯಾರೂ ಕೇಳಿರುವುದಿಲ್ಲ ಅಷ್ಟೇ. ಅವರಿಗೆ ಇಂಗ್ಲಿಷ್ ಬರುತ್ತದೆ, ಆದರೂ ನಾಲ್ಕು ಮಾತು ಸ್ವಾಹಿಲಿ ಕಲಿಯಿರಿ. ಅಂಗಡಿಗೆ ದುಕಾ ಎನ್ನುತ್ತಾರೆ, ಟೀಗೆ ಚಾಯ್. ಅರ್ಧ ದಾರಿ ಆಗಲೇ ಸಾಗಿದ್ದೀರಿ.

ಇನ್ನು ನಿಮ್ಮ ಭಯ. ಅದು ಸುಮ್ನೆ ಬಂದ ಭಯವಲ್ಲ, ನನಗೂ ಇತ್ತು. ಆದರೆ ಕೀನ್ಯಾದಲ್ಲಿ ಹೊರಗಿನವರಿಗೆ ಕೆಲಸದ ಪರ್ಮಿಟ್ ಕೊಡುವಾಗಲೇ ಅವರ ಕೆಳಗೆ ಕಲಿಯುವ ಅಲ್ಲಿಯವರು ಯಾರು ಎಂದು ಕೇಳುತ್ತಾರೆ. ಬಹಳ ಕಂಪನಿಗಳು ಇದನ್ನು ಕಾಗದಕ್ಕೆ ಒಂದು ಹೆಸರು ಎಂದುಕೊಳ್ಳುತ್ತವೆ. ನೀವು ಹಾಗೆ ಮಾಡಬೇಡಿ. ಆ ವ್ಯಕ್ತಿಯನ್ನು ನೀವೇ ಆರಿಸಿ. ಎರಡನೇ ವರ್ಷದ ಅರ್ಧದಲ್ಲಿ ಲೈನ್ ಅವರ ಕೈಗೆ ಕೊಟ್ಟು ನೀವು ಹಿಂದೆ ನಿಲ್ಲಿ. ತಪ್ಪಾದರೆ ಆಗಲಿ, ನೀವಿರುವಾಗಲೇ ಆಗಲಿ. ಹೊಸ ಜಾಗದಲ್ಲಿ ಒಂದು ಲೈನ್ ಕಟ್ಟಿ, ಅದು ತಾನಿಲ್ಲದೆ ಓಡುವಂತೆ ಮಾಡಿ ಬಂದ ಮ್ಯಾನೇಜರ್ ಪೀಣ್ಯದಲ್ಲಿ ಎಷ್ಟು ಜನ ಇದ್ದಾರೆ, ನೀವೇ ಲೆಕ್ಕ ಹಾಕಿ.

ಹೊರಡುವ ಮುಂಚೆ ಒಂದು ಕೆಲಸ ಮಾಡಿ. ವಾಪಸ್ ಬಂದ ಮೇಲೆ ಯಾವ ಹುದ್ದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ.

ಪ್ರಶ್ನೆ: ನಮ್ಮ ವೈಟ್‌ಫೀಲ್ಡ್ ಆಫೀಸಿನ ಜರ್ಮನ್ ಮ್ಯಾನೇಜರ್ ಮೂರು ತಿಂಗಳಲ್ಲಿ ವಾಪಸ್ ಹೋಗುತ್ತಾರೆ. ಗೊತ್ತಿರುವುದನ್ನೆಲ್ಲ ಬರೆದಿಡಿ ಎಂದು ಕೇಳಬಹುದಾ?
– ಒಬ್ಬ ಓದುಗಿ, ಹೂಡಿ

ಉತ್ತರ: ಕೇಳಿ, ಆದರೆ ಅದನ್ನೇ ನಂಬಬೇಡಿ. ಬರೆದರೆ ಅವರು ಏನು ಮಾಡಿದರು ಎಂಬುದು ಸಿಗುತ್ತದೆ, ಯಾಕೆ ಮಾಡಿದರು ಎಂಬುದು ಸಿಗುವುದಿಲ್ಲ. ಹೆಡ್ ಆಫೀಸಿಗೆ ಅವರು ಮಾಡುವ ಕರೆಗಳಲ್ಲಿ ನೀವೂ ಕೂತುಕೊಳ್ಳಿ. ಕಷ್ಟ ಬಂದಾಗ ಅಲ್ಲಿ ಯಾರಿಗೆ ಫೋನ್ ಮಾಡುತ್ತಾರೆ, ಅವರಿಗೇ ಯಾಕೆ ಎಂದು ಕೇಳಿ, ಅವರನ್ನು ನಿಮಗೆ ಪರಿಚಯ ಮಾಡಿಸಲು ಹೇಳಿ. ಕೊನೆಯ ಆರು ವಾರ ತೀರ್ಮಾನ ನಿಮ್ಮ ತಂಡದ್ದಾಗಿರಲಿ, ಅವರು ನೋಡುತ್ತಿರಲಿ. ಮತ್ತೆ, ಈ ಪ್ರಶ್ನೆಯನ್ನು ಅವರು ಬಂದ ಮೊದಲ ವಾರದಲ್ಲೇ ಕೇಳಬೇಕಿತ್ತು. ಮುಂದಿನವರು ಬಂದಾಗ ಹಾಗೇ ಮಾಡಿ.